ಅವರೆಕಾಯಿ ಚೀಲದ ಮೇಡಂ

ನಮ್ಮ ವಕೀಲರ ಸಂಘದಲ್ಲಿ ಯಾರಾದರೂ ತೀರಿಕೊಂಡರೆ ಅವರ ಗುಣನಡತೆ ಒಂದೇ ದಿನದಲ್ಲಿ ಸುಧಾರಿಸಿಬಿಡುತ್ತದೆ. ಬದುಕಿದ್ದಾಗ ಯಾರನ್ನು ಕಂಡರೆ ಕ್ಯಾಂಟೀನಿನಲ್ಲಿ ಜಾಗ ಬದಲಿಸುತ್ತಿದ್ದೆವೋ ಅವರು ಶ್ರದ್ಧಾಂಜಲಿ ಸಭೆಯಲ್ಲಿ ಅಜಾತಶತ್ರುವಾಗುತ್ತಾರೆ. ಯಾರ ವಾದ ಕೇಳಿ ನ್ಯಾಯಾಧೀಶರು ಆಕಳಿಸುತ್ತಿದ್ದರೋ ಅವರು ಮಹಾ ವಾಗ್ಮಿಯಾಗುತ್ತಾರೆ. ಹೋದ ತಿಂಗಳು ಮೇಡಂ ತೀರಿಕೊಂಡಾಗಲೂ ಹಾಗೇ ಆಯಿತು. ಮೈಕಿನ ಮುಂದೆ ನಿಂತವರೆಲ್ಲ ಅವರನ್ನು ‘ಮುರಿದ ಸಂಸಾರಗಳನ್ನು ಒಂದು ಮಾಡಿದ ಮಹಾತಾಯಿ’ ಎಂದರು. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರೂ ಹೇಳಿದ್ದರಿಂದ ನಿಜವೇ ಇರಬೇಕೆಂದು ಹೊಸ ವಕೀಲರು ತಲೆದೂಗಿದರು.

ನಾನು ಅವರ ಜೊತೆ ಒಂದೇ ಕೋರ್ಟಿನಲ್ಲಿ ಕೂದಲು ನರೆಸಿಕೊಂಡವನು. ನನಗೆ ಗೊತ್ತಿರುವ ಮಟ್ಟಿಗೆ ಮೇಡಂ ಒಂದು ಮಾಡಿದ ಸಂಸಾರಗಳಿಗಿಂತ ಬೇರೆ ಮಾಡಿದ ಸಂಸಾರಗಳೇ ಹೆಚ್ಚು. ಅದನ್ನು ಅವರು ಯಾವ ಮುಜುಗರವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದರು. ಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳಲೇಬೇಕೆಂದು ನಾನು ಗಂಟಲು ಸರಿ ಮಾಡಿಕೊಂಡು ಕೂತಿದ್ದೆ. ಅಷ್ಟರಲ್ಲಿ ಒಂದು ಎಡವಟ್ಟು ನಡೆದು ನನ್ನ ಭಾಷಣ ಬಾಯಲ್ಲೇ ಉಳಿಯಿತು. ಆ ಎಡವಟ್ಟು ಅರ್ಥವಾಗಬೇಕಾದರೆ ಮೊದಲು ಮೇಡಂ ಯಾರೆಂದು ಹೇಳಬೇಕು.

ಅವರು ಪಾಂಡವಪುರದ ಕಡೆಯವರು. ಗಂಡ ಹೆಂಡಿರ ಕೇಸು ಕೋರ್ಟಿಗೆ ಬಂದಾಗ, ವಿಚಾರಣೆ ಶುರು ಮಾಡುವ ಮುಂಚೆ ಒಮ್ಮೆ ಕೂತು ಮಾತಾಡಲಿ ಎಂದು ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳಿಸುತ್ತಾರಲ್ಲ, ಆ ಮಾತುಕತೆ ನಡೆಸಿಕೊಡುವುದು ಮೇಡಂ ಕೆಲಸ. ಅವರೂ ವಕೀಲರೇ. ಇದಕ್ಕೆಂದೇ ತರಬೇತಿ ಪಡೆದಿದ್ದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿಗೆ ಕರೆದರೂ ಬಸ್ಸು ಹತ್ತಿ ಹೋಗುತ್ತಿದ್ದರು. ಲೋಕದ ಜಗಳವನ್ನೆಲ್ಲ ಬಗೆಹರಿಸುತ್ತಿದ್ದ ಈ ಹೆಂಗಸು ಬಸ್ಸಿನ ಕಿಟಕಿ ಸೀಟಿನ ವಿಷಯದಲ್ಲಿ ಮಾತ್ರ ಯಾರ ಜೊತೆಗೂ ರಾಜಿಯಾದದ್ದನ್ನು ನಾನು ಕಾಣೆ.

ಮದುವೆಯಾಗಿರಲಿಲ್ಲ. ಕೋರ್ಟಿನ ಆವರಣದಲ್ಲಿ ಇದಕ್ಕಿಂತ ದೊಡ್ಡ ತಮಾಷೆ ಬೇರೆ ಇರಲಿಲ್ಲ. ಮನೆಯಲ್ಲಿ ಹೆಂಡತಿಯ ಜೊತೆ ಮಾತು ಬಿಟ್ಟು ತಿಂಗಳುಗಟ್ಟಲೆ ಕಳೆಯುವ ನಮ್ಮ ಹಿರಿಯ ವಕೀಲರೊಬ್ಬರು ಒಮ್ಮೆ ಎಲ್ಲರೆದುರಿಗೆ, “ಸಂಸಾರದ ರುಚಿಯೇ ಗೊತ್ತಿಲ್ಲದೋರು ಸಂಸಾರ ಹೇಗ್ರೀ ರಿಪೇರಿ ಮಾಡ್ತೀರಿ?” ಎಂದು ಕೇಳಿಯೇಬಿಟ್ಟರು. ಮೇಡಂ ಟೀ ಲೋಟ ಕೆಳಗಿಟ್ಟು, “ಅದೇ ಅನುಕೂಲ ಸಾರ್. ನನಗೆ ಯಾವ ಗಂಡನ ಮೇಲೂ ಹಳೇ ಸೇಡಿಲ್ಲ, ಯಾವ ಅತ್ತೆ ಮೇಲೂ ಇಲ್ಲ. ನಿಮ್ಮನ್ನ ಆ ಕುರ್ಚೀಲಿ ಕೂರಿಸಿದ್ರೆ ಮೊದಲು ಸೋಲೋದು ಹೆಂಡ್ತಿ ಪಾರ್ಟಿ” ಎಂದರು. ಆ ಹಿರಿಯರು ಅವತ್ತಿನಿಂದ ಬೇರೆ ಹೋಟೆಲಿನಲ್ಲಿ ಟೀ ಕುಡಿಯತೊಡಗಿದರು.

ಕುರ್ಚಿ ಎಂದೆ. ನಿಜವಾಗಿ ಆ ಕೋಣೆಯಲ್ಲಿ ಕುರ್ಚಿಗೆ ಹೆಚ್ಚು ಕೆಲಸವಿರಲಿಲ್ಲ. ಮಧ್ಯಸ್ಥಿಕೆ ಎಂದರೆ ದುಂಡು ಮೇಜು ಇರಬೇಕಂತೆ, ಯಾರೂ ಮೇಲಲ್ಲ ಯಾರೂ ಕೆಳಗಲ್ಲ ಎಂದು ತೋರಿಸುವುದಕ್ಕೆ. ಮೇಜು ಬಂತು. ಕೋಣೆಯ ಬಾಗಿಲಿಗಿಂತ ಮೇಜೇ ಅಗಲವಿತ್ತು. ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ನೂಕಿ ನೋಡಿ, ಕೊನೆಗೆ ವರಾಂಡದಲ್ಲೇ ಬಿಟ್ಟರು. ಅದರ ಮೇಲೆ ಈಗಲೂ ಟೈಪಿಸ್ಟು ಊಟದ ಡಬ್ಬಿ ಇಡುತ್ತಾನೆ. ಮೇಡಂ ಒಳಗೆ ದೊಡ್ಡದೊಂದು ಚಾಪೆ ಹಾಸಿದರು. ಯಾರೂ ಮೇಲಲ್ಲ ಯಾರೂ ಕೆಳಗಲ್ಲ ಎಂಬುದು ಆ ಚಾಪೆಯ ಮೇಲೆ ಸಲೀಸಾಗಿ ಸಾಧ್ಯವಾಯಿತು.

ಇನ್ನು ಅವರ ಚೀಲ. ಅವರೆಕಾಯಿ ಕಾಲದಲ್ಲಿ ಅವರೆಕಾಯಿ, ಆಮೇಲೆ ಹುಣಸೆಹಣ್ಣು, ಏನೂ ಇಲ್ಲದ ಕಾಲದಲ್ಲಿ ಬೆಳ್ಳುಳ್ಳಿ. ಕಕ್ಷಿದಾರರೆಲ್ಲ ಚಾಪೆಯ ಮೇಲೆ ಕೂತ ಮೇಲೆ ಚೀಲವನ್ನು ಮಧ್ಯಕ್ಕೆ ಸುರಿದು, “ಸುಮ್ನೆ ಕೂತ್ಕೊಂಡು ಏನ್ಮಾಡ್ತೀರಿ, ಸುಲೀರಿ” ಎನ್ನುತ್ತಿದ್ದರು. ವಿಚ್ಛೇದನ ಕೇಳಲು ಬಂದ ಹೆಂಡತಿ, ಕೊಡೆನೆನ್ನಲು ಬಂದ ಗಂಡ, ಬೆಂಕಿ ಹಚ್ಚಲು ಬಂದ ಸೋದರಮಾವ, ಆರಿದ್ದನ್ನು ಮತ್ತೆ ಊದಲು ಬಂದ ಚಿಕ್ಕಪ್ಪ, ಎಲ್ಲರೂ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೇಡಂ ಮನೆಯ ಹಿತಕಿದಬೇಳೆ ಸಾರಿಗೆ ಮಂಡ್ಯ ಜಿಲ್ಲೆಯ ಅರ್ಧ ಕೌಟುಂಬಿಕ ಕಲಹ ದುಡಿಯುತ್ತಿದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಕೇಳಿದ್ದಕ್ಕೆ ಅವರೆಂದರು: “ಕೈ ಖಾಲಿ ಇದ್ರೆ ಜನ ಬೆರಳು ತೋರಿಸ್ತಾರೆ ಕಣ್ರೀ. ನೀವೇ ನೋಡಿದ್ದೀರಲ್ಲ.”

ನೋಡಿದ್ದೆ. ಶೀಳನೆರೆಯಿಂದ ಒಂದು ಕೇಸಿಗೆ ಟೆಂಪೋ ತುಂಬ ಜನ ಬಂದಿದ್ದರು. ನಮ್ಮ ಕಡೆ ಮದುವೆಗೆ ಬಂದಷ್ಟೇ ಜನ ವಿಚ್ಛೇದನಕ್ಕೂ ಬರುತ್ತಾರೆ. ಊಟವಿಲ್ಲ ಎಂಬುದೊಂದೇ ಕೊರತೆ. ಒಳಗೆ ಕಾಲಿಡುತ್ತಲೇ ಒಬ್ಬ ಹಿರಿಯ, “ನಮ್ ಉಡ್ಗಿ ಅಂತವ್ಳಲ್ಲ, ನಾನ್ ಗ್ಯಾರಂಟಿ” ಎಂದು ತೊಡೆ ತಟ್ಟಿದ. ಮೇಡಂ ಅವನಿಗೆ, “ಹುಡುಗಿ ಏನ್ ಓದವ್ಳೆ ಯಜಮಾನ್ರೆ?” ಎಂದು ಕೇಳಿದರು. ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ಟೆಂಪೋ ಡ್ರೈವರು. “ಗ್ಯಾರಂಟಿ ಕೊಡೋರೆಲ್ಲ ಹೊರಗೆ ಮರದ ಕೆಳಗೆ ಕೂತಿರಿ. ಬೇಕಾದಾಗ ಕರೀತೀನಿ” ಎಂದು ಅವರನ್ನೆಲ್ಲ ಎಬ್ಬಿಸಿದರು. ಸಂಜೆಯವರೆಗೂ ಕರೆಯಲಿಲ್ಲ. ಹೊರಡುವಾಗ ಆ ಹಿರಿಯನೇ ಬಂದು, “ಎಂಗೋ ನಾವ್ ಬಂದಿದ್ಕೆ ಬಗೆ ಅರೀತು” ಎಂದು ಹೇಳಿ ಹೋದ.

ಮೇಡಂಗೆ ಕಂಡರಾಗದ ವಸ್ತು ಒಂದಿತ್ತು. ಹೂವಿನ ಹಾರ. ಲೋಕ ಅದಾಲತ್ತಿನ ದಿನ ಜಗಳವಾಡಿದ ಗಂಡ ಹೆಂಡಿರನ್ನು ಮತ್ತೆ ಒಟ್ಟಿಗೆ ನಿಲ್ಲಿಸಿ, ಒಬ್ಬರಿಗೊಬ್ಬರು ಹಾರ ಹಾಕಿಸಿ, ಸಿಹಿ ತಿನ್ನಿಸಿ, ಪತ್ರಿಕೆಗೆ ಫೋಟೋ ಕೊಡುವ ಪದ್ಧತಿ ಇದೆಯಲ್ಲ. ಫೋಟೋದಲ್ಲಿ ಎಲ್ಲರೂ ನಗುತ್ತಿರುತ್ತಾರೆ, ಆ ಇಬ್ಬರನ್ನು ಬಿಟ್ಟು. ಮೇಡಂ ಅದನ್ನು ನೋಡಿ, “ಮೊದಲನೇ ಸಲ ಹಾರ ಹಾಕಿದ್ದಕ್ಕೇ ಇಲ್ಲಿಗೆ ಬಂದವ್ರೆ, ಎರಡನೇ ಸಲ ಹಾಕಿ ಎಲ್ಲಿಗೆ ಕಳಿಸ್ತೀರಿ?” ಎಂದು ಗೊಣಗುತ್ತಿದ್ದರು. ಅವರು ನಡೆಸಿದ ಯಾವ ರಾಜಿಗೂ ಹಾರ ತರಿಸಲಿಲ್ಲ. ಹಾಗಾಗಿ ಅವರ ಫೋಟೋ ಪತ್ರಿಕೆಯಲ್ಲಿ ಬಂದದ್ದು ತೀರಿಕೊಂಡ ಮೇಲೆಯೇ.

ಈಗ ಆ ಎಡವಟ್ಟಿಗೆ ಕಾರಣವಾದ ಹೊಣಕೆರೆ ಕೇಸು. ಮಧ್ಯಸ್ಥಿಕೆಯ ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗಕೂಡದು ಎಂಬುದು ನಿಯಮ. ಆದ್ದರಿಂದ ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ಅಗತ್ಯವೂ ಇಲ್ಲ. ಹೊಣಕೆರೆ ಎಂದರೆ ಸಾಕು, ಮಿಕ್ಕಿದ್ದನ್ನು ನಮ್ಮ ಜನ ಫೋನು ಮಾಡಿ ತಿಳಿದುಕೊಳ್ಳುತ್ತಾರೆ. ಇಷ್ಟಕ್ಕೂ ಆ ಮನೆಯ ಯಜಮಾನರೇ, “ಬರ್ಕೊಳಿ ಲಾಯರ್ರೆ, ಮುಚ್ಚಿಡಾಕೆ ಏನದೆ” ಎಂದು ಒಪ್ಪಿಗೆ ಕೊಟ್ಟಿದ್ದಾರೆ.

ಕಾಗದದಲ್ಲಿ ನನ್ನ ಕಕ್ಷಿದಾರ ಇವರ ಮಗ, ಫೀಸು ಕೊಡುತ್ತಿದ್ದ ಕಕ್ಷಿದಾರರು ಈ ಯಜಮಾನರು. ಅವರ ಒಬ್ಬಳೇ ತಂಗಿಯನ್ನು ಅರಕೆರೆಗೆ ಕೊಟ್ಟಿತ್ತು. ಆ ತಂಗಿಯ ಮಗಳನ್ನೇ ತಮ್ಮ ಮಗನಿಗೆ ತಂದುಕೊಂಡಿದ್ದರು. ನಮ್ಮ ಕಡೆ ಇದು ಮಾಮೂಲು. ಹೊಲ ಹೊರಗೆ ಹೋಗಬಾರದು, ಹೆಣ್ಣು ಹೊರಗೆ ಹೋಗಬಾರದು, ಜಗಳವಂತೂ ಹೊರಗೆ ಹೋಗಲೇಬಾರದು. ಹುಡುಗ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ. ಹುಡುಗಿ ಮದುವೆಗೆ ಮುಂಚೆ ಶ್ರೀರಂಗಪಟ್ಟಣದಲ್ಲಿ ಒಂದು ಔಷಧಿ ಅಂಗಡಿಗೆ ಹೋಗುತ್ತಿದ್ದಳು. ಇಬ್ಬರೂ ಚಿಕ್ಕಂದಿನಿಂದ ಬೇಸಿಗೆ ರಜೆಯಲ್ಲಿ ಒಂದೇ ಹಟ್ಟಿಯಲ್ಲಿ ಆಡಿ ಬೆಳೆದವರು. ಒಬ್ಬರ ಮೇಲೊಬ್ಬರಿಗೆ ಸಿಟ್ಟಿಲ್ಲ, ಹಾಗೆಯೇ ಬೇರೆ ಏನೂ ಇಲ್ಲ. ಹುಡುಗಿ ಒಂದು ದಿನ ಬಟ್ಟೆ ಗಂಟು ಕಟ್ಟಿಕೊಂಡು ಅರಕೆರೆಗೆ ಬಂದು ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ಅವಳ ವಕೀಲರು ಬರೆದ ಅರ್ಜಿಯಲ್ಲಿ ಹುಡುಗ ರಾಕ್ಷಸನಾಗಿದ್ದ. ನಾನು ಬರೆದ ಉತ್ತರದಲ್ಲಿ ಹುಡುಗಿ ಮಹಾಮಾರಿಯಾಗಿದ್ದಳು. ಎರಡನ್ನೂ ಓದಿ ಇಬ್ಬರೂ ಬೆರಗಾದರು.

ಮೊದಲು ಅದು ಅದಾಲತ್ತಿಗೆ ಹೋಯಿತು. ಊರಿನ ಹಿರಿಯರು ಬುದ್ಧಿ ಹೇಳಿದರು, ಹಾರ ಬಂತು, ಫೋಟೋ ಬಂತು. ಯಜಮಾನರು ಪತ್ರಿಕೆಯ ಆ ತುಂಡನ್ನು ಕಟ್ಟು ಹಾಕಿಸಿ ನಡುಮನೆಯಲ್ಲಿ ದೇವರ ಪಟಗಳ ಪಕ್ಕ ತೂಗುಹಾಕಿದರು. ಮುಂದಿನ ಹಂಗಾಮಿಗೆ ಮೊದಲೇ ಹುಡುಗಿ ಮತ್ತೆ ಅರಕೆರೆಯಲ್ಲಿದ್ದಳು, ಅರ್ಜಿ ಮತ್ತೆ ಕೋರ್ಟಿನಲ್ಲಿತ್ತು. ಪಟ ಮಾತ್ರ ಗೋಡೆಯಲ್ಲಿತ್ತು.

ಯಜಮಾನರಿಗೆ ಇದು ಸೊಸೆ ಹೋದದ್ದಕ್ಕಿಂತ ಮರ್ಯಾದೆ ಹೋದದ್ದಾಗಿ ಕಂಡಿತು. ತಂಗಿಯ ಮನೆಗೆ ಹೋಗುವುದನ್ನು ಬಿಟ್ಟರು. ಫೋನು ಎತ್ತುವುದನ್ನು ಬಿಟ್ಟರು. ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋಗಲಿಲ್ಲ. ತವರಿನಿಂದ ಗೌರಿ ಬಾಗಿನ ಬರಲಿಲ್ಲವೆಂದರೆ ಏನರ್ಥ ಎಂದು ನಮ್ಮ ಹೆಣ್ಣುಮಕ್ಕಳಿಗೆ ಯಾವ ವಕೀಲನೂ ಬಿಡಿಸಿ ಹೇಳಬೇಕಿಲ್ಲ. ತಂದೆ ತಾಯಿ ಇಲ್ಲದ ಆ ತಂಗಿಗೆ ತವರೆಂದರೆ ಈ ಅಣ್ಣ ಒಬ್ಬನೇ. ಹಬ್ಬದ ಮಾರನೆಯ ದಿನ ಆಕೆ ಮಗಳಿಗೆ, “ನೀನು ಓಗಿ ಬಾಳಾಟ ಮಾಡು, ಇಲ್ಲ ನನ್ ಎಣ ನೋಡು” ಎಂದಳು. ಹುಡುಗಿ ಅಳುತ್ತಾ ಒಪ್ಪಿದಳು. ಅದಾಲತ್ತಿನ ಎರಡನೇ ಹಾರಕ್ಕೆ ಎಲ್ಲ ತಯಾರಾಯಿತು. ಯಜಮಾನರು ನನ್ನ ಹತ್ತಿರ ಬಂದು, “ಈ ಸಲ ಆರ ನಾನೇ ತತ್ತೀನಿ, ಸುಗಂಧರಾಜಂದು” ಎಂದರು.

ನ್ಯಾಯಾಧೀಶರು ಯಾಕೋ ಅನುಮಾನಪಟ್ಟು ಕೇಸನ್ನು ಮೇಡಂ ಹತ್ತಿರ ಕಳಿಸಿದರು. ಮೇಡಂ ಹುಡುಗ ಹುಡುಗಿಯರನ್ನು ಬೇರೆ ಬೇರೆ ಕೂರಿಸಿ ಮಾತಾಡಿದರು. ಹೊರಗೆ ಬಂದು ನನ್ನನ್ನು ದುಂಡು ಮೇಜಿನ ಹತ್ತಿರ ಕರೆದು, “ಏನ್ರೀ ನೀವು, ತಪ್ಪು ಪಾರ್ಟಿಗಳ ಮೇಲೆ ಕೇಸು ನಡೆಸ್ತಿದ್ದೀರಲ್ಲ” ಎಂದರು. ನನಗೆ ಅರ್ಥವಾಗಲಿಲ್ಲ. “ಆ ಮಕ್ಕಳಿಬ್ಬರಿಗೂ ಜಗಳಾನೇ ಇಲ್ಲ, ಸಂಸಾರಾನೂ ಬೇಡ. ‘ಅವಳು ಅತ್ತೆ ಮಗಳು ಅನ್ಸುತ್ತೆ, ಹೆಂಡ್ತಿ ಅನ್ಸಲ್ಲ’ ಅಂತಾನೆ ಅವನು. ಜಗಳ ಇರೋದು ಅಣ್ಣ ತಂಗೀದು. ಮುಂದಿನ ವಾಯಿದೆಗೆ ಅವರಿಬ್ಬರನ್ನೇ ಕೂರಿಸಿ.”

ಕೂರಿಸಿದೆ. ಅವರೆಕಾಯಿ ಕಾಲ. ಹುಡುಗ ಹುಡುಗಿಯರನ್ನು ಮೇಡಂ ಟೀ ಕುಡಿದು ಬನ್ನಿ ಎಂದು ಹೊರಗೆ ಕಳಿಸಿದರು. ಯಜಮಾನರಿಗೆ ಗಾಬರಿ. “ಗಂಡ ಎಂಡ್ತಿ ಇಲ್ದೆ ಎಂಗಮ್ಮಾ ರಾಜಿ?” ಎಂದರು. ಮೇಡಂ ಚೀಲ ಸುರಿದು, “ಮೊದ್ಲು ಸುಲೀರಿ” ಎಂದರು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಸುಲಿದರು. ತಂಗಿ ನೆಲ ನೋಡುತ್ತಾ ಸುಲಿದಳು. ನಾವಿಬ್ಬರು ವಕೀಲರೂ ಬೇರೆ ಗತಿಯಿಲ್ಲದೆ ಸುಲಿದೆವು. ಮೇಡಂ ತಾವೂ ಸುಲಿಯುತ್ತಾ ಕೂತರು. ಕಾಯಿ ಸಿಡಿಯುವ ಸದ್ದು ಬಿಟ್ಟರೆ ಕೋಣೆಯಲ್ಲಿ ಮತ್ತೇನೂ ಇಲ್ಲ. ಇದಕ್ಕೆಲ್ಲ ಕಾನೂನಿನಲ್ಲಿ ಯಾವ ಕಲಮಿದೆ ಎಂದು ನಾನು ಯೋಚಿಸುತ್ತಿದ್ದೆ.

ತಂಗಿ ಒಂದು ಕಾಯಿ ಎತ್ತಿಕೊಂಡಳು. ಯಜಮಾನರು ಅದನ್ನು ಓರೆಗಣ್ಣಿನಲ್ಲಿ ನೋಡಿದರು. ಬಾಯಿ ತಡೆಯಲಿಲ್ಲ.

“ಉಳ ಅದೆ ಕಣಮ್ಮಿ. ನೋಡ್ಕೊ.”

ವರ್ಷದ ಮೇಲೆ ಅಣ್ಣ ಆಡಿದ ಮೊದಲ ಮಾತು ಅದು. ತಂಗಿಯ ಕೈ ನಿಂತಿತು. ಕಾಯಿಯನ್ನು ಹಾಗೇ ಹಿಡಿದುಕೊಂಡು ಅತ್ತಳು. ಆಮೇಲೆ ಹೇಳಿದಳು: “ಅಬ್ಬದ್ ದಿಸ ಬಾಗ್ಲಲ್ಲೇ ನಿಂತಿದ್ದೆ ಕಣಣ್ಣ. ಅರಕೆರೆ ಬಸ್ಸೆಲ್ಲ ಬಂದೋ, ನೀನ್ ಬರ್ನಿಲ್ಲ.”

“ನಿನ್ ಮಗ್ಳು ನನ್ ಒಸ್ಲು ದಾಟ್ಕಂಡು ಓಗ್ಬುಟ್ಲಲ್ಲ. ನಾನ್ ಯಾವ್ ಮೊಕ ಒತ್ಕಂಡು ಬರ್ಲಿ?”

“ಅದ್ಕೇ ಕಳುಸ್ತೀನಿ ಅಂದ್ನಲ್ಲ. ಅವ್ಳಿಗೆ ಎಂಗಾರ ಆಗ್ಲಿ. ನಂಗೆ ನನ್ ತವ್ರು ಬೇಕು.”

ಮೇಡಂ ಸುಲಿಯುತ್ತಲೇ, ತಲೆ ಎತ್ತದೆ, “ನಿನ್ನ ತವರಿಗೆ ಮಗಳನ್ನ ಬಾಡಿಗೆ ಕಟ್ತೀಯೇನವ್ವ?” ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ಅದು ಕಪಾಳಕ್ಕೆ ಹೊಡೆದ ಮಾತು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೇಡಂ ಅಣ್ಣನ ಕಡೆ ತಿರುಗಿದರು.

“ಯಜಮಾನ್ರೆ, ಆ ಹುಡುಗಿ ನಿಮಗೆ ಸೊಸೆ ಆಗೋಕೆ ಮುಂಚೆ ಏನಾಗಿದ್ಲು?”

“ತಂಗಿ ಮಗ್ಳು.”

“ನಾಳೆ ಬೇರೆ ಆದ್ರೆ?”

ಯಜಮಾನರು ಕೈಯಲ್ಲಿದ್ದ ಸಿಪ್ಪೆಯನ್ನು ರಾಶಿಗೆ ಹಾಕಿದರು. “ಆಗ್ಲೂ ತಂಗಿ ಮಗ್ಳೇ ಅಲ್ವ್ರಾ” ಎಂದರು. ಯಾರೋ ಅವರಿಗೆ ಹೊಸ ಕಾನೂನು ತಿಳಿಸಿದ ಹಾಗೆ ಮುಖವಿತ್ತು. ಸುಗಂಧರಾಜದ ಹಾರ ಅಲ್ಲಿಗೆ ರದ್ದಾಯಿತು.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಕರಾರು ಬರೆಯುವಾಗ ಮೇಡಂ ಒಂದು ಷರತ್ತು ಸೇರಿಸಿದರು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅಣ್ಣನಾದವರು ಖುದ್ದಾಗಿ ಅರಕೆರೆಗೆ ಹೋಗಿ ತಂಗಿಗೆ ಬಾಗಿನ ಕೊಡತಕ್ಕದ್ದು. ಅವರಿಬ್ಬರೂ ಈ ಕೇಸಿನ ಪಕ್ಷಕಾರರೇ ಅಲ್ಲ ಎಂದು ನಾನು ಬಡಕೊಂಡೆ. ಇಷ್ಟು ವರ್ಷ ಓದಿದ್ದಕ್ಕೆ ಅಷ್ಟಾದರೂ ಹೇಳಬೇಡವೇ. ನ್ಯಾಯಾಧೀಶರು ಅದನ್ನು ಓದಿ ಕನ್ನಡಕ ತೆಗೆದು, “ಇದನ್ನ ಜಾರಿ ಮಾಡಿಸೋದು ಹೇಗಮ್ಮ?” ಎಂದರು. “ಅವರು ಹೊರಡದಿದ್ರೆ ನಾನೇ ಹೊಣಕೆರೆಗೆ ಹೋಗಿ ಬಸ್ಸು ಹತ್ತಿಸ್ತೀನಿ ಸ್ವಾಮಿ” ಎಂದರು ಮೇಡಂ. ನ್ಯಾಯಾಧೀಶರು ಇರಲಿ ಬಿಡಿ ಎಂದು ಸಹಿ ಹಾಕಿದರು. ಅವರಿಗೂ ಅಕ್ಕತಂಗಿಯರು ಇದ್ದಿರಬೇಕು.

ಆ ವರ್ಷದ ಗೌರಿ ಹಬ್ಬದ ಬೆಳಿಗ್ಗೆ ಮೇಡಂ ನನಗೆ ಫೋನು ಮಾಡಿ, “ನಿಮ್ಮ ಕಕ್ಷಿದಾರರು ಹೊರಟ್ರಾ ಕೇಳಿ” ಎಂದರು. ಹಬ್ಬದ ದಿನ ಕಕ್ಷಿದಾರರಿಗೆ ಫೋನು ಮಾಡಿ ಬಾಗಿನದ ವಿಚಾರಣೆ ಮಾಡಿದ ವಕೀಲ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು. ಯಜಮಾನರು ಫೋನೆತ್ತಿ, “ಬಸ್ಸಲ್ಲಿವ್ನಿ ಲಾಯರ್ರೆ, ತೊಡೆ ಮ್ಯಾಲೆ ಮೊರ ಇಟ್ಕಂಡಿವ್ನಿ, ಆಮ್ಯಾಕ್ ಮಾಡಿ” ಎಂದು ಬೈದರು. ಹೇಳಿದೆ. ಕೇಳಿಕೊಂಡು ಮೇಡಂ ಫೋನಿಟ್ಟರು. ಮರುವರ್ಷವೂ ಕೇಳಿಸಿದರು, ಅದರ ಮರುವರ್ಷವೂ. ಹುಡುಗನಿಗೆ ಆಮೇಲೆ ಕೆ.ಆರ್. ಪೇಟೆ ಕಡೆಯ ಹೆಣ್ಣು ಗೊತ್ತಾಯಿತು. ಹಳೆಯ ಹೆಂಡತಿ ಅತ್ತೆ ಮಗಳಾಗಿ ಮದುವೆಗೆ ಬಂದು, ಎಲ್ಲರಿಗಿಂತ ಜೋರಾಗಿ ಓಡಾಡಿದಳಂತೆ.

ಶ್ರದ್ಧಾಂಜಲಿ ಸಭೆಗೆ ಅಣ್ಣ ತಂಗಿ ಇಬ್ಬರೂ ಬಂದಿದ್ದರು. ಹಿಂದೆ ಜಾಗವಿಲ್ಲದ್ದರಿಂದ ಮುಂದೆ ಕೂತರು. ನಮ್ಮ ಸಂಘದ ಹೊಸ ಅಧ್ಯಕ್ಷರಿಗೆ ಯಾರೋ ಕಿವಿಯಲ್ಲಿ, ಇವರು ಮೇಡಂ ರಾಜಿ ಮಾಡಿಸಿದವರು ಎಂದು ಊದಿದರು. ಅಧ್ಯಕ್ಷರಿಗೆ ಅಷ್ಟೇ ಸಾಕಾಯಿತು. “ಬಂಧುಗಳೇ, ಮೇಡಂ ಒಂದು ಮಾಡಿದ ದಂಪತಿ ನಮ್ಮ ನಡುವೆಯೇ ಇದ್ದಾರೆ” ಎಂದು ಘೋಷಿಸಿ, ಮೇಡಂ ಫೋಟೋಗೆಂದು ತಂದಿದ್ದ ಹಾರವನ್ನು ಯಜಮಾನರ ಕೈಗೆ ಕೊಟ್ಟು, ನಿಮ್ಮ ಮನೆಯವರಿಗೆ ಹಾಕಿ ಎಂದು ಇಬ್ಬರನ್ನೂ ಎದುರು ಬದುರು ನಿಲ್ಲಿಸಿಯೇಬಿಟ್ಟರು. ಪತ್ರಿಕೆಯವನು ಕ್ಲಿಕ್ಕಿಸಿದ. ನಾನು ಎದ್ದು ಕೈ ಬೀಸುವಷ್ಟರಲ್ಲಿ ಫೋಟೋ ತೆಗೆದಾಗಿತ್ತು.

“ಅಯ್ಯೋ ಸುಮ್ನಿರಿ ಸಾಮಿ, ಇವ್ಳು ನನ್ ಒಡುಟ್ಟಿದ್ ತಂಗಿ” ಎಂದರು ಯಜಮಾನರು.

ಅಧ್ಯಕ್ಷರು ಬೆವರೊರೆಸಿಕೊಂಡು, “ಹಾಗಾದ್ರೆ ಆ ದಂಪತಿ ಎಲ್ಲಿ?” ಎಂದು ಕೇಳಿದರು.

“ಅವ್ರುನ್ನ ಬ್ಯಾರೆ ಮಾಡುದ್ರು. ನಮ್ಮುನ್ನ ಒಂದ್ ಮಾಡುದ್ರು.”

ಹಾಗೆಂದು ಆ ಹಾರವನ್ನು ಮೇಡಂ ಫೋಟೋಗೆ ಹಾಕಿ ಕೈ ಮುಗಿದರು. ತಂಗಿ ಸೆರಗಿನ ಗಂಟಿನಿಂದ ಒಂದು ಹಿಡಿ ಸುಲಿದ ಅವರೆಕಾಳು ತೆಗೆದು ಫೋಟೋದ ಮುಂದಿಟ್ಟಳು. ನನ್ನ ಭಾಷಣಕ್ಕೆ ಇನ್ನೇನೂ ಉಳಿದಿರಲಿಲ್ಲ. ಮೇಡಂ ಇದ್ದಿದ್ದರೆ ಆ ಹಾರ ಕಂಡು ಎದ್ದು ಹೋಗುತ್ತಿದ್ದರು ಎಂದುಕೊಂಡೆ. ಅವರಿಲ್ಲ ಎಂಬುದು ಆಗ ನನಗೆ ಸರಿಯಾಗಿ ತಟ್ಟಿ, ಹೊರಗೆ ಹೋಗಿ ಆ ದುಂಡು ಮೇಜಿಗೆ ಒರಗಿ ಸ್ವಲ್ಪ ಹೊತ್ತು ನಿಂತೆ.

ಮಾರನೆಯ ದಿನ ಪತ್ರಿಕೆಯಲ್ಲಿ ಅಣ್ಣ ತಂಗಿಯ ಫೋಟೋ ಬಂತು. ಅಣ್ಣನ ಕೈಯಲ್ಲಿ ಹಾರ, ತಂಗಿಯ ಮುಖದಲ್ಲಿ ಗಾಬರಿ. ಕೆಳಗೆ, ‘ಮಧ್ಯಸ್ಥಿಕೆಯಿಂದ ಒಂದಾದ ದಂಪತಿ’. ತಿದ್ದುಪಡಿ ಹಾಕಿಸಬೇಕೆಂದು ನಾನು ಯಜಮಾನರ ಒಪ್ಪಿಗೆ ಕೇಳಲು ಹೊಣಕೆರೆಗೆ ಹೋದೆ. ನಡುಮನೆಯ ಗೋಡೆಯಲ್ಲಿ ದೇವರ ಪಟಗಳ ಪಕ್ಕ ಮಗ ಸೊಸೆಯ ಹಳೆಯ ಫೋಟೋ ಇರಲಿಲ್ಲ. ಅದೇ ಕಟ್ಟಿನೊಳಗೆ ಈ ಹೊಸ ತುಂಡು ಕೂತಿತ್ತು, ಕೆಳಗಿನ ಸಾಲಿನ ಕೊನೆ ಮೊಂಡಾಗಿತ್ತು.

“ತಿದ್ದುಪಡಿ ಯಾಕ್ ಲಾಯರ್ರೆ” ಎಂದರು ಯಜಮಾನರು. “ದಂಪತಿ ಅನ್ನದ್ನ ನಾನೇ ಕತ್ರೀಲಿ ತೆಗ್ದೆ. ಮಿಕ್ಕಿದ್ದೆಲ್ಲ ಸರಿಯಾಗೇ ಅದೆ ಅಲ್ವ್ರಾ.”